ಹೂವಿನ ಎಸಳುಳ್ಳ ಕೈಕಾಗದದಲ್ಲಿ ಮದುವೆಯ ಆಮಂತ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹೂವಿನ ಎಸಳು ಬೆರೆತ ಕೈಕಾಗದ ಕಣ್ಣಿಗೆ ಬಿದ್ದ ಕೂಡಲೇ ಕೊಂಡುಬಿಡಬೇಕು ಎನ್ನಿಸುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಯೇ. ಹಾಳೆಗಳು ಮನೆಗೆ ಬಂದ ಮೇಲೆ ‘ಇದರ ಮೇಲೆ ಅಚ್ಚು ಮಾಡುವುದು ಹೇಗೆ?’ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಗೆ ಉತ್ತರ ಸಿಕ್ಕ ನಂತರವೇ ಕಾಗದ ಕೊಳ್ಳಬೇಕು. ಕೆಳಗಿನ ಉತ್ತರಗಳನ್ನೆಲ್ಲ ಬರೆದಿರುವುದು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಅಂಗಡಿಯಲ್ಲಿ ಹೂವಿನ ಕಾಗದ ಎಂದು ತೋರಿಸುವುದೆಲ್ಲ ಒಂದೇ ಬಗೆಯದೇ?

ಅಲ್ಲ. ಆ ಒಂದು ಹೆಸರಿನಲ್ಲಿ ಕನಿಷ್ಠ ಮೂರು ಬಗೆಯ ಕಾಗದ ಮಾರಾಟವಾಗುತ್ತದೆ. ಮೊದಲನೆಯದು, ನೀರಿನಲ್ಲಿ ಕಲಸಿದ ನಾರಿನ ತಿರುಳಿಗೇ ಎಸಳು, ಎಲೆ, ಹುಲ್ಲಿನ ಚೂರುಗಳನ್ನು ಬೆರೆಸಿ ಜರಡಿಯಲ್ಲಿ ಎತ್ತಿದ ಹಾಳೆ. ಇದರಲ್ಲಿ ಎಸಳುಗಳು ಎರಡೂ ಬದಿಗೆ ಅಲ್ಲಲ್ಲಿ ಇಣುಕುತ್ತವೆ. ಎರಡನೆಯದರಲ್ಲಿ ಹಾಳೆ ಇನ್ನೂ ಹಸಿಯಾಗಿರುವಾಗಲೇ ಹೂಗಳನ್ನು ಒಂದೊಂದಾಗಿ ಜೋಡಿಸಿ, ಮೇಲೆ ತೆಳುವಾಗಿ ತಿರುಳು ಹರಿಸುತ್ತಾರೆ. ಹೂಗಳು ಇಡಿಯಾಗಿ ಒಂದೇ ಬದಿಗೆ ಕಾಣುತ್ತವೆ, ಹಿಂಬದಿ ಬಹುಮಟ್ಟಿಗೆ ನಯವಾಗಿರುತ್ತದೆ. ಮೂರನೆಯದು ಹೂವಿನ ಚಿತ್ರವನ್ನು ಅಚ್ಚು ಹಾಕಿದ ಕಾಗದ. ಅದರಲ್ಲಿ ಹೂವೇ ಇರುವುದಿಲ್ಲ.

ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ನಿಜವಾದ ಎಸಳಿರುವ ಕಡೆ ಬೆಳಕು ಕುಂದುತ್ತದೆ, ಬೆರಳಾಡಿಸಿದರೆ ಸಣ್ಣ ಉಬ್ಬು ಸಿಗುತ್ತದೆ. ಅಚ್ಚಾದ ಹೂವಿನಲ್ಲಿ ಇವೆರಡೂ ಇರುವುದಿಲ್ಲ. ಕೈಯಿಂದ ಎತ್ತಿದ ಹಾಳೆಯ ನಾಲ್ಕೂ ಅಂಚು ತೆಳುವಾಗಿ, ಒರಟೊರಟಾಗಿ ಮುಗಿದಿರುತ್ತವೆ. ಅಂಚು ಕತ್ತರಿಸಿ ಮಾರುವುದೂ ಉಂಟು, ಹಾಗಾಗಿ ನೇರ ಅಂಚನ್ನು ನೋಡಿದೊಡನೆ ನಕಲಿ ಎಂದು ತೀರ್ಮಾನಿಸಬೇಡಿ.

ಯಾವ ಹೆಸರುಗಳಿಂದ ಹುಡುಕಿದರೆ ಒಳ್ಳೆಯ ಕಾಗದ ಸಿಗುತ್ತದೆ?

ಕಾಗದದ ನಾರು ಯಾವುದು ಎಂಬುದರಿಂದ ಶುರುಮಾಡುವುದು ಅನುಕೂಲ. ಬಟ್ಟೆ ಕಾರ್ಖಾನೆಗಳ ಹತ್ತಿಯ ಚಿಂದಿಯಿಂದ ಮಾಡಿದ ಕಾಗದಕ್ಕೆ ಜೈಪುರದ ಪಕ್ಕದ ಸಾಂಗಾನೇರ್ ದೊಡ್ಡ ನೆಲೆ. ಕಾಗದ ಮಾಡುವುದನ್ನೇ ಕುಲಕಸುಬಾಗಿಸಿಕೊಂಡ ಕಾಗಜಿ ಸಮುದಾಯ ಅಲ್ಲಿದೆ. ನೇಪಾಳದ ಲೋಕ್ತಾ ಕಾಗದ ಹಿಮಾಲಯದ ಡ್ಯಾಫ್ನೆ ಜಾತಿಯ ಪೊದೆಯ ತೊಗಟೆಯಿಂದ ಬರುತ್ತದೆ. ಥಾಯ್ಲೆಂಡಿನ ಸಾ ಕಾಗದಕ್ಕೆ ಕಾಗದದ ಹಿಪ್ಪುನೇರಳೆ ಮರದ ತೊಗಟೆ ಬೇಕು. ಜಪಾನಿನ ವಾಶಿಗೂ ಮುಖ್ಯವಾಗಿ ಅದೇ ಬಗೆಯ ನಾರು, ಅಲ್ಲಿ ಅದನ್ನು ಕೊಜೊ ಎನ್ನುತ್ತಾರೆ. ವಾಶಿ ತಯಾರಿಕೆಯ ಕುಶಲತೆ 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಹಸಿ ಹಾಳೆಯ ಮೇಲೆ ತಾಜಾ ಹೂಗಳನ್ನು ಜೋಡಿಸುವ ಕ್ರಮಕ್ಕೆ ಹೆಸರಾದದ್ದು ಮಡಗಾಸ್ಕರಿನ ಅಂಬಲವಾವೊ ಊರಿನ ಆಂತೈಮೊರೊ ಕಾಗದ.

ಆಮಂತ್ರಣಕ್ಕೆ ನನ್ನ ಮೊದಲ ಆಯ್ಕೆ ಹತ್ತಿಯ ಕಾಗದ. ದಪ್ಪಕ್ಕೆ ದಪ್ಪ, ಮೆತ್ತಗೆ ಮೆತ್ತಗೆ, ಅಚ್ಚಿನ ಒತ್ತನ್ನು ಚೆನ್ನಾಗಿ ಹಿಡಿಯುತ್ತದೆ. ಲೋಕ್ತಾ, ಸಾ, ವಾಶಿಗಳ ತೆಳು ಹಾಳೆಗಳು ಬಲು ಗಟ್ಟಿಯಾದರೂ ಒಂಟಿಯಾಗಿ ಕಾರ್ಡಿನಂತೆ ನಿಲ್ಲುವುದಿಲ್ಲ. ಹೊರಹೊದಿಕೆಗೆ, ಲಕೋಟೆಯ ಒಳಪದರಕ್ಕೆ, ಸುತ್ತುಪಟ್ಟಿಗೆ ಅವನ್ನು ಮೀರಿಸುವ ಕಾಗದವಿಲ್ಲ.

ಮಾರುವವರನ್ನು ಏನೇನು ಕೇಳಬೇಕು?

ಎಷ್ಟು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು ಕೇಳಿ. ಕಚೇರಿಯ ಸಾಧಾರಣ ಹಾಳೆ 70ರಿಂದ 80 ಜಿಎಸ್‌ಎಂ. ಆಮಂತ್ರಣದ ಕಾರ್ಡಿಗೆ 200ರಿಂದ 300 ಬೇಕಾಗುತ್ತದೆ. ಕೈಕಾಗದದಲ್ಲಿ ಈ ಅಂಕಿ ಸರಾಸರಿ ಮಾತ್ರ. ಒಂದೇ ಕಟ್ಟಿನ ಎರಡು ಹಾಳೆಗಳ ದಪ್ಪದಲ್ಲಿಯೂ ವ್ಯತ್ಯಾಸವಿರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ‘ಸೈಜಿಂಗ್ ಮಾಡಿದ್ದೀರಾ?’ ಎಂಬ ಪ್ರಶ್ನೆ. ನಾರು ನೀರನ್ನು ಹೀರದಂತೆ ತಿರುಳಿಗೆ ಅಥವಾ ಹಾಳೆಯ ಮೈಗೆ ಅಂಟು, ಗಂಜಿ ಇಲ್ಲವೆ ಜೆಲಟಿನ್ ಕೊಡುವ ಕೆಲಸಕ್ಕೆ ಸೈಜಿಂಗ್ ಎನ್ನುತ್ತಾರೆ. ಇದಾಗದ ಕಾಗದ ಒತ್ತುಕಾಗದದಂತೆಯೇ ವರ್ತಿಸುತ್ತದೆ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಕೆಲವು ನಿಮಿಷ ಮುತ್ತಾಗಿ ನಿಂತರೆ ಸೈಜಿಂಗ್ ಚೆನ್ನಾಗಿದೆ. ತಕ್ಷಣ ಇಂಗಿ ಕಲೆಯಾಯಿತೆಂದರೆ ನೀರು ಆಧಾರಿತ ಶಾಯಿ ಅದರ ಮೇಲೆ ಹರಡುವುದು ಖಚಿತ.

ಮುಂದೆ ಇನ್ನಷ್ಟು ಹಾಳೆ ಬೇಕಾದರೆ ಇದೇ ಬಗೆ ಸಿಗುತ್ತದೆಯೇ ಎಂದೂ ವಿಚಾರಿಸಿ. ತಿರುಳು ಕಲಸುವ ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ಬಣ್ಣ ಬದಲಾಗುತ್ತದೆ, ಹೂವಿಗಂತೂ ಋತುವಿದೆ. ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಕಂತಿನಿಂದ ಕೊಳ್ಳುವುದು ಕ್ಷೇಮ. ಅದಕ್ಕೂ ಮೊದಲು ಮಾದರಿ ಹಾಳೆಗಳನ್ನು ಹಣ ಕೊಟ್ಟಾದರೂ ತರಿಸಿಕೊಳ್ಳಿ. ಪರದೆಯ ಮೇಲಿನ ಚಿತ್ರ ನೋಡಿ ಇನ್ನೂರು ಕಾರ್ಡಿಗೆ ಆಗುವಷ್ಟು ಕಾಗದ ತರಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಎಷ್ಟು ಹಾಳೆ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಕೈಕಾಗದದ ಪೂರ್ತಿ ಹಾಳೆ ಸಾಮಾನ್ಯವಾಗಿ 22×30 ಇಂಚು, ಅಂದರೆ ಸುಮಾರು 56×76 ಸೆಂಟಿಮೀಟರ್. ನಾಲ್ಕೂ ಕಡೆ ಅರ್ಧ ಇಂಚು ಒರಟು ಅಂಚನ್ನು ತೆಗೆದರೆ 21×29 ಇಂಚು ಉಳಿಯುತ್ತದೆ. ಅದರಲ್ಲಿ 5×7 ಇಂಚಿನ 16 ಕಾರ್ಡುಗಳು ಸಿಗುತ್ತವೆ. 150 ಕಾರ್ಡಿಗೆ 10 ಹಾಳೆ ಸಾಕೆಂದು ಲೆಕ್ಕ ಹೇಳುತ್ತದೆ, ಆದರೆ ನೀವು 12 ಅಥವಾ 13 ಕೊಳ್ಳಿ. ದಪ್ಪ ತೊಟ್ಟು ನಡುವೆ ಬಂದ ತುಂಡು, ತೂತುಬಿದ್ದ ತುಂಡು, ಪ್ರೂಫಿಗೆ, ಅಂದರೆ ಪರೀಕ್ಷೆಯ ಅಚ್ಚಿಗೆ ಹೋದ ತುಂಡು, ಇವೆಲ್ಲ ಸೇರಿ ಇಪ್ಪತ್ತು ಪ್ರತಿಶತದವರೆಗೆ ನಷ್ಟವಾಗುವುದು ಈ ಕಾಗದದಲ್ಲಿ ಸಹಜ. ಎ4 ಅಳತೆ ಬೇಕಿದ್ದರೆ, ಎಲ್ಲವನ್ನೂ ಒಂದೇ ದಿಕ್ಕಿಗೆ ಕತ್ತರಿಸಿದಾಗ ಒಂದು ಪೂರ್ತಿ ಹಾಳೆಗೆ ನಾಲ್ಕೇ ಸಿಗುತ್ತವೆ.

ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಅಚ್ಚು ಹಾಕಬಹುದೇ?

ಎಸಳು ತೆಳುವಾಗಿದ್ದು ಕಾಗದಕ್ಕೆ ಸೈಜಿಂಗ್ ಆಗಿದ್ದರೆ ಹಾಕಬಹುದು. ಪ್ರಿಂಟರಿನ ಕೈಪಿಡಿಯಲ್ಲಿ ಅದು ಗರಿಷ್ಠ ಎಷ್ಟು ಜಿಎಸ್‌ಎಂ ಕಾಗದವನ್ನು ತೆಗೆದುಕೊಳ್ಳುತ್ತದೆ ಎಂದು ಬರೆದಿರುತ್ತದೆ, ಅದನ್ನು ಮೀರಬೇಡಿ. ಹಿಂಬದಿಯಿಂದ ಹಾಳೆ ಹಾಕುವ ಪ್ರಿಂಟರ್ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ, ಏಕೆಂದರೆ ಅದರಲ್ಲಿ ಹಾಳೆ ಬಹುಪಾಲು ನೇರವಾಗಿ ಸಾಗುತ್ತದೆ. ಮುಂಬದಿಯ ಟ್ರೇಯಿಂದ ಎಳೆದು ಒಳಗೆ ಪೂರ್ತಿ ಸುತ್ತಿಸುವ ಯಂತ್ರದಲ್ಲಿ ದಪ್ಪ ಹಾಳೆ ಸಿಕ್ಕಿಕೊಳ್ಳುತ್ತದೆ, ಎಸಳು ಕಳಚಿ ಒಳಗೆ ಉದುರುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಮೃದುವಾದ ಬ್ರಷ್ಷಿನಿಂದ ಹಾಳೆಯನ್ನು ಎರಡೂ ಬದಿ ಗುಡಿಸಿ. ಅರೆಬರೆ ಅಂಟಿಕೊಂಡ ಎಸಳುಗಳು ಪ್ರಿಂಟರಿನೊಳಗೆ ಬೀಳುವ ಬದಲು ಮೇಜಿನ ಮೇಲೆಯೇ ಬೀಳಲಿ. ಕಾಗದ ಎಲ್ಲಿ ಶುರುವಾಗುತ್ತದೆಂದು ಯಂತ್ರದ ಸೆನ್ಸರಿಗೆ ಒರಟು ಅಂಚಿನಿಂದ ಸರಿಯಾಗಿ ತಿಳಿಯುವುದಿಲ್ಲ, ಆದ್ದರಿಂದ ಒಳಗೆ ಮೊದಲು ಹೋಗುವ ಅಂಚನ್ನು ನೇರವಾಗಿ ಕತ್ತರಿಸಿಕೊಳ್ಳಿ. ಒರಟು ಅಂಚೇ ಬೇಕೆಂದರೆ ಹಾಳೆಯನ್ನು ಒಂದು ಸಾಧಾರಣ ಎ4 ಹಾಳೆಯ ಮೇಲಿಟ್ಟು, ಮುಂಭಾಗವನ್ನು ಸುಲಭವಾಗಿ ಬಿಟ್ಟುಬರುವ ಕಾಗದದ ಟೇಪಿನಿಂದ ಹಿಡಿಸಿ ಕಳಿಸಬಹುದು. ಒಂದು ಸಲಕ್ಕೆ ಒಂದೇ ಹಾಳೆ. ದಪ್ಪ ಕಾಗದದ ಆಯ್ಕೆ ಇದ್ದರೆ ಅದನ್ನು ಒತ್ತಿ, ಆಗ ಶಾಯಿ ಚಿಮ್ಮುವ ತಲೆ ಕೊಂಚ ಮೇಲಕ್ಕೆ ಸರಿಯುತ್ತದೆ. ಉಬ್ಬಿದ ತೊಟ್ಟಿಗೆ ತಲೆ ಉಜ್ಜಿದರೆ ಹಾಳೆಯ ಮೇಲೆ ಕಪ್ಪು ಗೆರೆ ಬೀಳುವುದಷ್ಟೇ ಅಲ್ಲ, ತಲೆಯೇ ಕೆಡಬಹುದು.

ಶಾಯಿ ಡೈ (ದ್ರವದಲ್ಲಿ ಕರಗಿದ ಬಣ್ಣ) ಬಗೆಯದೋ ಪಿಗ್ಮೆಂಟ್ (ಕರಗದ ಬಣ್ಣದ ಕಣ) ಬಗೆಯದೋ ನೋಡಿಕೊಳ್ಳಿ. ಪಿಗ್ಮೆಂಟ್ ಶಾಯಿಯ ಕಣಗಳು ಮೇಲ್ಮೈಯಲ್ಲೇ ಹೆಚ್ಚಾಗಿ ನಿಲ್ಲುವುದರಿಂದ ಅಕ್ಷರದ ಅಂಚು ಚೊಕ್ಕವಾಗಿರುತ್ತದೆ, ಬೆಳಕು ಮತ್ತು ತೇವವನ್ನೂ ಚೆನ್ನಾಗಿ ತಡೆಯುತ್ತದೆ. ಹಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಬಣ್ಣಗಳು ಡೈ. ಅಂಥ ಯಂತ್ರದಲ್ಲಿ ಬರಹವನ್ನು ಅಪ್ಪಟ ಕಪ್ಪಿನಲ್ಲೇ ಇಟ್ಟುಕೊಳ್ಳಿ.

ಲೇಸರ್ ಪ್ರಿಂಟರ್?

ಹೂವಿನ ಕಾಗದಕ್ಕೆ ಬೇಡ. ಲೇಸರ್ ಯಂತ್ರ ಟೋನರ್ ಪುಡಿಯನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರುಳೆಯಿಂದ ಕರಗಿಸಿ ಒತ್ತುತ್ತದೆ. ಆ ಬಿಸಿಗೆ ಎಸಳು ಕಂದುತ್ತದೆ, ಉರುಳೆಗೆ ಅಂಟುತ್ತದೆ. ಜೊತೆಗೆ ಒರಟು ಮೈಯ ತಗ್ಗುಗಳಲ್ಲಿ ಟೋನರ್ ಸರಿಯಾಗಿ ಕೂರದೆ ಉಗುರಿಗೆ ಕಿತ್ತುಬರುತ್ತದೆ. ಎಸಳಿಲ್ಲದ, ನಯವಾದ, ತೆಳು ಕೈಕಾಗದವಾದರೆ ಆ ಮಾತು ಬೇರೆ.

ಪ್ರೆಸ್ಸಿನವರು ‘ಇದರ ಮೇಲೆ ಆಗುವುದಿಲ್ಲ’ ಎನ್ನುತ್ತಾರೆ. ಏಕೆ?

ಅವರ ಮಾತಿನಲ್ಲಿ ನ್ಯಾಯವಿದೆ. ಆಫ್‌ಸೆಟ್ ಶಾಯಿ ಜಿಗುಟು. ಅದು ಕೈಕಾಗದದ ಮೇಲಿನ ಸಡಿಲ ನಾರನ್ನೂ ಎಸಳಿನ ಚೂರನ್ನೂ ಕಿತ್ತು ಶಾಯಿಯನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಹೊದಿಕೆಯ (ಬ್ಲ್ಯಾಂಕೆಟ್ಟಿನ) ಮೇಲೆ ತಂದು ಕೂರಿಸುತ್ತದೆ. ಮುಂದಿನ ಹಾಳೆಗಳಲ್ಲೆಲ್ಲ ಬಿಳಿ ಚುಕ್ಕೆಗಳು ಬರುತ್ತವೆ, ಯಂತ್ರ ನಿಲ್ಲಿಸಿ ತೊಳೆಯಬೇಕಾಗುತ್ತದೆ. ಆಫ್‌ಸೆಟ್ ಯಂತ್ರ ಒಂದೇ ದಪ್ಪದ ಹಾಳೆಗಳಿಗೆ ಹೊಂದಿಸಿದ್ದು, ಕೈಕಾಗದದ ದಪ್ಪವೋ ಒಂದೇ ಹಾಳೆಯಲ್ಲೂ ಏರಿಳಿಯುತ್ತದೆ. ಒತ್ತಾಯ ಮಾಡಿ ಒಪ್ಪಿಸಬೇಡಿ. ಬೇರೆ ವಿಧಾನವಿರುವ ಮುದ್ರಕರನ್ನು ಹುಡುಕಿ.

ಆ ಬೇರೆ ವಿಧಾನಗಳಲ್ಲಿ ನಾನು ಮೊದಲು ಹೇಳುವುದು ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಬಲೆಯ ಮೂಲಕ ಶಾಯಿಯನ್ನು ರಬ್ಬರಿನ ಪಟ್ಟಿಯಿಂದ ತಳ್ಳುವ ಈ ಕೆಲಸದಲ್ಲಿ ಹಾಳೆ ಯಾವ ಉರುಳೆಯ ನಡುವೆಯೂ ಹೋಗಬೇಕಿಲ್ಲ, ಬಿಸಿಯೂ ಬೇಕಿಲ್ಲ. ಶಾಯಿ ದಪ್ಪ ಪದರವಾಗಿ ಕೂತು ಸಣ್ಣಪುಟ್ಟ ತಗ್ಗುಗಳನ್ನು ತುಂಬಿಬಿಡುತ್ತದೆ. ಗಾಢ ಬಣ್ಣದ ಕಾಗದದ ಮೇಲೆ ಬಿಳಿ ಅಥವಾ ಚಿನ್ನದ ಬಣ್ಣದಲ್ಲಿ ಬರೆಸಲೂ ಇದೇ ಸರಿ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು, ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು. ಆದ್ದರಿಂದ ಒಂದು ಬಣ್ಣದ, ಹೆಚ್ಚೆಂದರೆ ಎರಡು ಬಣ್ಣದ ವಿನ್ಯಾಸ ಮಾಡಿಸಿ.

ಉಬ್ಬಿದ ಅಚ್ಚಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಲೆಟರ್‌ಪ್ರೆಸ್ ಇನ್ನೊಂದು ದಾರಿ. ಹತ್ತಿಯ ಮೆತ್ತನೆಯ ಕಾಗದದಲ್ಲಿ ಅಚ್ಚು ಒಳಗಿಳಿದು ಅಕ್ಷರಗಳು ಬೆರಳಿಗೆ ಸಿಗುವಂತೆ ಮೂಡುತ್ತವೆ. ಇಷ್ಟು ಚೆಂದದ ಮುದ್ರಣ ಬೇರೆ ಯಾವ ವಿಧಾನದಲ್ಲೂ ಬರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಗಡುಸಾದ ತೊಟ್ಟು, ಬೀಜ ಅಚ್ಚಿನ ಕೆಳಗೆ ಸಿಕ್ಕಿದರೆ ಪ್ಲೇಟು ಕೆಡುತ್ತದೆ. ನುಣುಪಾದ, ಚಿಕ್ಕ ಎಸಳಿನ ಕಾಗದವನ್ನೇ ಆರಿಸಿ, ಮುದ್ರಕರಿಗೆ ಮಾದರಿಯನ್ನು ಮೊದಲೇ ಕೊಡಿ. ಚಿನ್ನದ ಹಾಳೆಯನ್ನು ಬಿಸಿಯಲ್ಲಿ ಒತ್ತುವ ಫಾಯಿಲ್ ಕೆಲಸಕ್ಕೆ ಸಮತಟ್ಟಾದ ಮೈ ಬೇಕು. ಎಸಳಿನ ಕಾಗದದಲ್ಲಿ ಅದು ತೇಪೆ ತೇಪೆಯಾಗುತ್ತದೆ. ಹೆಸರಿನಂಥ ಒಂದೆರಡು ದೊಡ್ಡ ಪದಗಳಿಗೆ ಮಾತ್ರ ಯೋಚಿಸಬಹುದು.

ಹೂವಿನ ಕಾಗದವೂ ಬೇಕು, ಬರಹವೂ ಸ್ಫುಟವಾಗಿರಬೇಕು. ದಾರಿಯಿದೆಯೇ?

ಇದೆ, ಬಹಳ ಜನರಿಗೆ ಇದೇ ಅತ್ಯುತ್ತಮ ದಾರಿ. ಬರಹವನ್ನು 100ರಿಂದ 120 ಜಿಎಸ್‌ಎಂನ ನಯವಾದ ಹತ್ತಿ ಕಾಗದದ ಮೇಲೆ ಅಚ್ಚು ಮಾಡಿಸಿ, ಅದನ್ನು ಹೂವಿನ ಹಾಳೆಯ ಮೇಲೆ ಕೂರಿಸಿ. ಸುತ್ತಲೂ ಹೂವಿನ ಅಂಚು ಕಾಣುತ್ತದೆ, ಓದುವವರಿಗೂ ಕಷ್ಟವಿಲ್ಲ. ಹೂವಿನ ಹಾಳೆಯನ್ನು ಮಡಿಸಿ ಹೊದಿಕೆ ಮಾಡಿ ಒಳಗೆ ಬರಹದ ಹಾಳೆಯನ್ನು ದಾರದಿಂದ ಕಟ್ಟಬಹುದು. ಅರೆಪಾರದರ್ಶಕ ಕಾಗದದ ಮೇಲೆ ಬರಹ ಅಚ್ಚು ಮಾಡಿಸಿ ಹೂವಿನ ಕಾರ್ಡಿನ ಮೇಲೆ ಹೊದಿಸಿದರೂ ಚೆನ್ನ.

ಅಂಟಿಸುವುದಾದರೆ ಮೇಲಂಚಿಗೆ ಮಾತ್ರ ತೆಳುವಾಗಿ ಅಂಟು ಹಚ್ಚಿ. ಗಾಳಿಯ ತೇವಕ್ಕೆ ಎರಡು ಕಾಗದಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಪೂರ್ತಿ ಅಂಟಿಸಿದರೆ ಕಾರ್ಡು ಬಿಲ್ಲಾಗಿ ಬಾಗುತ್ತದೆ.

ಅಕ್ಷರದ ಮೇಲೆಯೇ ಎಸಳು ಬಂದರೆ?

ಎಸಳಿನ ಮೈ ನುಣುಪು, ಅದು ಶಾಯಿಯನ್ನು ಕಾಗದದಂತೆ ಹಿಡಿಯುವುದಿಲ್ಲ. ಮೇಲೆ ಬಿದ್ದ ಅಕ್ಷರ ಮಸುಕಾಗುತ್ತದೆ, ಮುಂದೆ ಎಸಳು ಉದುರಿದರೆ ಅಕ್ಷರವೂ ಅದರೊಂದಿಗೆ ಹೋಗುತ್ತದೆ. ‘ಶುಭ’ ಎಂಬಲ್ಲಿ ಹೀಗಾದರೆ ಓದುಗರು ಊಹಿಸಿಕೊಳ್ಳುತ್ತಾರೆ. ತಾರೀಖಿನಲ್ಲೋ ಸಮಯದಲ್ಲೋ ಆದರೆ ಊಹೆಗೆ ಅವಕಾಶವಿಲ್ಲ. ಕತ್ತರಿಸಿದ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದರಲ್ಲೂ ಯಾವ ತುದಿ ಮೇಲೆ ಬರಬೇಕೆಂದು ನೋಡಿ ತಿರುಗಿಸಿಟ್ಟುಕೊಳ್ಳಿ. ದೊಡ್ಡ ಎಸಳುಗಳು ಮೂಲೆಗೆ ಬರಲಿ, ತಾರೀಖು ಮತ್ತು ಸ್ಥಳ ಬೀಳುವ ಜಾಗ ಖಾಲಿಯಿರಲಿ. ಬೇಸರದ ಕೆಲಸ, ಆದರೂ ಕಾರ್ಡಿನ ಅಂದವೂ ಉಪಯೋಗವೂ ಇದರಿಂದಲೇ ತೀರ್ಮಾನವಾಗುತ್ತದೆ.

ಕನ್ನಡದ ಬರಹಕ್ಕೆ ವಿಶೇಷ ಎಚ್ಚರಿಕೆ ಬೇಕೇ?

ಬೇಕು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಚಿಕ್ಕವು, ಸುರುಳಿಗಳ ನಡುವಿನ ಬಯಲು ಇನ್ನೂ ಚಿಕ್ಕದು. ಶಾಯಿ ಕೊಂಚ ಹರಡಿದರೂ ‘ಥ’ ಮತ್ತು ‘ಧ’ಗಳ ಹೊಟ್ಟೆಯೊಳಗಿನ ಬಯಲು ತುಂಬಿಹೋಗಿ ಯಾವುದು ಯಾವುದೆಂದು ತಿಳಿಯುವುದಿಲ್ಲ, ಅನುಸ್ವಾರ ಬರಿಯ ಕಪ್ಪು ಚುಕ್ಕೆಯಾಗುತ್ತದೆ. ಅತ್ತ ತೆಳು ಗೆರೆಯ ಅಲಂಕಾರದ ಅಕ್ಷರಗಳು ಒರಟು ಮೈಯಲ್ಲಿ ಅಲ್ಲಲ್ಲಿ ತುಂಡಾಗುತ್ತವೆ. ಗೆರೆಯ ದಪ್ಪ ಎಲ್ಲ ಕಡೆ ಒಂದೇ ಸಮನಾಗಿರುವ, ಒಳಬಯಲು ಅಗಲವಾಗಿರುವ ಅಕ್ಷರಶೈಲಿ ಆರಿಸಿ. ಗಾತ್ರ 13 ಪಾಯಿಂಟಿಗಿಂತ ಕೆಳಗಿಳಿಯದಿರಲಿ. ಸಾಲುಗಳ ನಡುವೆ ಧಾರಾಳ ಅಂತರ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಆಮಂತ್ರಣವನ್ನು ತುಂಬ ಪ್ರೀತಿಯಿಂದ, ಮತ್ತೆ ಮತ್ತೆ ಓದುವವರು ಮನೆಯ ಹಿರಿಯರು. ಅಕ್ಷರ ಅವರ ಕಣ್ಣಿಗೆ ಒಗ್ಗಬೇಕು.

ಇನ್ನೊಂದು ತೊಡಕು ಕಂಪ್ಯೂಟರಿನದು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ತೆರೆದರೆ ಒತ್ತುಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ಹಳೆಯ ಸಂಕೇತದ ಫಾಂಟುಗಳಲ್ಲಿ ಮಾಡಿದ್ದು ಬೇರೆ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಮುದ್ರಣಕ್ಕೆ ಕೊಡುವ ಮೊದಲು ಅಕ್ಷರಗಳನ್ನು ರೇಖಾರೂಪಕ್ಕೆ ಬದಲಿಸಿ ಪಿಡಿಎಫ್ ಮಾಡಿಸಿ. ಆಮೇಲೂ ಪ್ರೂಫನ್ನು ಕಾಗದದ ಮೇಲೆಯೇ, ಗಟ್ಟಿಯಾಗಿ ಓದಿ ನೋಡಿ.

ಫೋಟೊ, ಕ್ಯೂಆರ್ ಕೋಡ್ ಹಾಕಬಹುದೇ?

ಫೋಟೊ ಬೇಡ, ಮುಖದ ಮೇಲೆ ಎಸಳಿನ ಕಲೆ ಚೆನ್ನಾಗಿ ಕಾಣುವುದಿಲ್ಲ. ಕ್ಯೂಆರ್ ಕೋಡ್ ಬೇಕಾದರೆ ಕನಿಷ್ಠ ಎರಡೂವರೆ ಸೆಂಟಿಮೀಟರ್ ಅಗಲ ಇಟ್ಟು, ಅತಿ ಹೆಚ್ಚಿನ ದೋಷತಿದ್ದುವ ಮಟ್ಟದಲ್ಲಿ ತಯಾರಿಸಿ. ಆ ಮಟ್ಟದಲ್ಲಿ ಸುಮಾರು 30 ಪ್ರತಿಶತ ಹಾಳಾದರೂ ಮೊಬೈಲ್ ಓದುತ್ತದೆ. ನಯವಾದ ಒಳಹಾಳೆಯ ಮೇಲೆ ಹಾಕಿದರೆ ಈ ಚಿಂತೆಯೇ ಇಲ್ಲ.

ಹೂವಿನ ಬಣ್ಣ ಎಷ್ಟು ಕಾಲ ಉಳಿಯುತ್ತದೆ?

ಅದು ಯಾವ ಹೂವು ಎಂಬುದರ ಮೇಲೆ ನಿಂತಿದೆ. ಚೆಂಡುಹೂವಿನ ಹಳದಿ, ಕಿತ್ತಳೆ ಬಣ್ಣಗಳು ನೀರಿನಲ್ಲಿ ಕರಗದ ಕೆರೊಟಿನಾಯ್ಡುಗಳಿಂದ ಬಂದವು, ಹಾಗಾಗಿ ತಿರುಳಿನ ನೀರಿನಲ್ಲಿ ಮುಳುಗಿಯೂ ಚೆನ್ನಾಗಿ ಉಳಿಯುತ್ತವೆ. ಕೆಂಪು ಗುಲಾಬಿಯ ಬಣ್ಣ ಆಂಥೊಸಯನಿನ್. ಅದು ನೀರಿಗೆ ಬಿಡುತ್ತದೆ, ಕ್ಷಾರಗುಣದ ತಿರುಳಿನಲ್ಲಿ ನೀಲಿ ನೇರಳೆಗೆ ತಿರುಗುತ್ತದೆ, ದಿನ ಕಳೆದಂತೆ ಕಂದಾಗುತ್ತದೆ. ಕಡುಗೆಂಪು ಗುಲಾಬಿ ಎಸಳು ವರ್ಷಗಟ್ಟಲೆ ಹಾಗೆಯೇ ಇರುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ಅದಕ್ಕೆ ಬಣ್ಣ ಹಾಕಿದ್ದಾರೆಂದು ತಿಳಿಯಿರಿ. ಯಾವ ಹೂವಾದರೂ ಬಿಸಿಲಿಗೆ ಮಾಸುತ್ತದೆ. ಮುದ್ರಣವಾಗುವವರೆಗೆ ಹಾಳೆಗಳನ್ನು ಕತ್ತಲೆಯಲ್ಲಿ, ಒಣಜಾಗದಲ್ಲಿ, ಚಪ್ಪಟೆಯಾಗಿ ಇಡಿ. ತೇವವಿದ್ದರೆ ಬೂಷ್ಟು ಮೊದಲು ಹಿಡಿಯುವುದು ಎಸಳಿಗೇ.

ಬಿತ್ತಿದರೆ ಮೊಳೆಯುವ ಬೀಜದ ಕಾಗದ ಹೇಗೆ?

ಒಳ್ಳೆಯ ಯೋಚನೆ, ಆದರೆ ಷರತ್ತುಗಳಿವೆ. ಲೇಸರ್, ಬಿಸಿ ಫಾಯಿಲ್, ಲ್ಯಾಮಿನೇಶನ್ ಯಾವುದೂ ಕೂಡದು, ಬೀಜ ಸಾಯುತ್ತದೆ. ನೀರು ಆಧಾರಿತ ಶಾಯಿಯ ಸ್ಕ್ರೀನ್ ಪ್ರಿಂಟಿಂಗ್ ಸೂಕ್ತ. ಹೆಚ್ಚು ದಿನ ಇಟ್ಟಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ, ಆದ್ದರಿಂದ ಒಂದು ಚೂರನ್ನು ನೀವೇ ಬಿತ್ತಿ ನೋಡಿ ಕೊಳ್ಳಿ. ಹೊರದೇಶಕ್ಕೆ ಕಳಿಸುವ ಕಾರ್ಡುಗಳಿಗೆ ಇದನ್ನು ಬಳಸಬೇಡಿ; ಬೀಜಗಳನ್ನು ಅಂಚೆಯಲ್ಲಿ ತರಿಸುವುದಕ್ಕೆ ಅನೇಕ ದೇಶಗಳಲ್ಲಿ ನಿರ್ಬಂಧವಿದೆ.

ಕಾಗದವನ್ನು ನಾವೇ ತಯಾರಿಸಬಹುದೇ?

ಐವತ್ತು ಕಾರ್ಡಿನೊಳಗಾದರೆ ಖಂಡಿತ, ಮತ್ತು ಆ ಸಂತೋಷವೇ ಬೇರೆ. ಅಚ್ಚಾಗದ ಬಿಳಿ ಕಾಗದದ ಚೂರುಗಳನ್ನು ರಾತ್ರಿ ನೆನೆಸಿ ಮಿಕ್ಸಿಯಲ್ಲಿ ಹೆಚ್ಚು ನೀರಿನೊಂದಿಗೆ ಅರೆದರೆ ತಿರುಳಾಗುತ್ತದೆ. ಅಗಲವಾದ ತೊಟ್ಟಿಯಲ್ಲಿ ಅದನ್ನು ತೆಳ್ಳಗೆ ಕಲಸಿ, ಬಲೆ ಬಿಗಿದ ಚೌಕಟ್ಟನ್ನು ಮುಳುಗಿಸಿ ಮಟ್ಟಸವಾಗಿ ಎತ್ತಿ, ಒದ್ದೆ ಬಟ್ಟೆಯ ಮೇಲೆ ಮಗುಚಿ, ನೀರು ಹಿಂಡಿಹೋಗುವಂತೆ ಒತ್ತಿ ಒಣಗಿಸಬೇಕು. ಎಸಳುಗಳನ್ನು ಮೊದಲೇ ಪುಸ್ತಕದ ನಡುವೆ ಒತ್ತಿ ಒಣಗಿಸಿಕೊಳ್ಳಿ. ಹಸಿ ಎಸಳು ಹಾಕಿದರೆ ಸುತ್ತಲೂ ಕಂದು ಕಲೆ ಬಿಡುತ್ತದೆ. ಹಿಡಿ ತುಂಬ ಸುರಿಯಬೇಡಿ. ಎಸಳು ಹೆಚ್ಚಾದಷ್ಟೂ ನಾರುಗಳು ಒಂದನ್ನೊಂದು ಹಿಡಿಯುವ ಜಾಗ ಕಡಿಮೆಯಾಗಿ ಹಾಳೆ ಬಡವಾಗುತ್ತದೆ.

ಒಣಗಿದ ಹಾಳೆಗೆ ಸೈಜಿಂಗ್ ಬೇಕೇ ಬೇಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 20 ಗ್ರಾಂ ಜೆಲಟಿನ್ ಕರಗಿಸಿ ಅಗಲ ಬ್ರಷ್ಷಿನಿಂದ ಬಳಿದು ಮತ್ತೆ ಒಣಗಿಸಿ. ಪ್ರಾಣಿಜನ್ಯವಾದ ಜೆಲಟಿನ್ ಬೇಡವೆಂದರೆ ತೆಳುವಾದ ಗಂಜಿ ಆದೀತು.

ಕತ್ತರಿಸುವುದು, ಮಡಿಸುವುದು?

ಕತ್ತರಿಗಿಂತ ಉಕ್ಕಿನ ಸ್ಕೇಲು ಮತ್ತು ಹರಿತವಾದ ಬ್ಲೇಡು ಮೇಲು; ಬ್ಲೇಡು ಮೊಂಡಾದರೆ ಎಸಳು ಹರಿಯುತ್ತದೆ. ಕೈಕಾಗದದ ಅಂಚಿನಂತೆಯೇ ಕಾಣಬೇಕಾದರೆ ಮಡಿಸಿ, ಮಡಿಕೆಯ ಮೇಲೆ ನೀರಿನಲ್ಲಿ ಅದ್ದಿದ ತೆಳು ಬ್ರಷ್ಷಿನಿಂದ ಗೆರೆ ಎಳೆದು, ನೀರು ಇಂಗಿದ ಮೇಲೆ ಎರಡೂ ಕಡೆ ಮೆಲ್ಲಗೆ ಎಳೆಯಿರಿ. ದಪ್ಪ ಹಾಳೆಯನ್ನು ಮಡಿಸುವ ಮೊದಲು ಮೊಂಡು ತುದಿಯಿಂದ ಗೀರು ಹಾಕಿಕೊಳ್ಳಿ, ಮಡಿಕೆಯ ಸಾಲಿನಲ್ಲಿ ತೊಟ್ಟು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಎಷ್ಟು ಮೊದಲು ಶುರುಮಾಡಬೇಕು?

ಮೂರು ತಿಂಗಳು ಇಟ್ಟುಕೊಳ್ಳಿ. ಮಾದರಿ ತರಿಸಲು, ಮುದ್ರಕರಿಗೆ ತೋರಿಸಿ ಒಂದು ಪ್ರೂಫ್ ತೆಗೆಸಲು ಮೊದಲ ತಿಂಗಳು ಬೇಕಾಗುತ್ತದೆ. ಮಳೆಗಾಲವಾದರೆ ಹಾಳೆ ತಯಾರಾಗುವುದೂ ಶಾಯಿ ಒಣಗುವುದೂ ನಿಧಾನ.

ಅಂಚೆಯಲ್ಲಿ ಹೋಗುವಾಗ ಹಾಳಾಗುವುದಿಲ್ಲವೇ?

ಲಕೋಟೆಯನ್ನೂ ಹೂವಿನ ಕಾಗದದಲ್ಲೇ ಮಾಡಿಸಿದರೆ ಹಾಳಾಗುತ್ತದೆ. ವಿಂಗಡಣೆಯ ಯಂತ್ರದಲ್ಲಿ ಎಸಳು ಉಜ್ಜಿಹೋಗುತ್ತದೆ, ವಿಳಾಸ ಬರೆದ ಶಾಯಿ ಹರಡುತ್ತದೆ. ಹೊರಗಿನ ಲಕೋಟೆ ಗಟ್ಟಿಯಾದ ಸಾಧಾರಣ ಕಾಗದದ್ದಾಗಿರಲಿ, ಹೂವು ಒಳಗಿರಲಿ. ಅಚ್ಚಾದ ಬದಿಯ ಮೇಲೊಂದು ತೆಳು ಕಾಗದ ಇಟ್ಟರೆ ಉದುರಿದ ಚೂರು ಅಕ್ಷರದ ಮೇಲೆ ಉಜ್ಜುವುದಿಲ್ಲ. ಎಲ್ಲವನ್ನೂ ಸೇರಿಸಿದ ಒಂದು ಪೂರ್ಣ ಆಮಂತ್ರಣವನ್ನು ಅಂಚೆ ಕಚೇರಿಗೆ ಒಯ್ದು ತೂಗಿಸಿದ ಮೇಲೆಯೇ ಅಂಚೆಚೀಟಿ ಕೊಳ್ಳಿ. ಕೈಕಾಗದದ ಕಾರ್ಡುಗಳ ತೂಕ ಒಂದರಂತೆ ಒಂದಿರುವುದಿಲ್ಲವಾದ್ದರಿಂದ ತೂಗಿಸಲು ಕಟ್ಟಿನಲ್ಲಿ ಅತಿ ದಪ್ಪನೆಯದನ್ನೇ ಆರಿಸಿಕೊಳ್ಳಿ.